ಮೊದಲ ಬದಿಯ ಮೊದಲು

ಕೈ ಎತ್ತಿ ಲೆಕ್ಕ ಹೇಳುವವಳಲ್ಲ ಅಪೊಲಿನ್ ರೇಗೊ.
ಬೆರಳ ಚಿಟಿಕೆ ಇಲ್ಲ, ಪಾದ ತಟ್ಟುವುದಿಲ್ಲ.
ಉಸಿರು ಎಳೆಯುತ್ತಾಳೆ.
ಆ ಎಳೆತ ಎಷ್ಟು ಉದ್ದವೋ ಅಷ್ಟು ನಿಧಾನ ಹಾಡು.
ಉಳಿದ ಮೂವರು ಅವಳ ಹೆಗಲು ನೋಡುತ್ತ ಕೂತಿರಬೇಕು,
ಗಾಳದ ಬೆಂಡು ನೋಡುವವರ ಹಾಗೆ.

ಜೆಪ್ಪುವಿನ ಹಂಚಿನ ಕಾರ್ಖಾನೆ, ಒಣಗಿಸುವ ಕೊಟ್ಟಿಗೆ,
ಮೇ ತಿಂಗಳ ಸೆಖೆ, ಭಾನುವಾರದ ರಾತ್ರಿ.
ಮರದ ಅಟ್ಟೆಗಳಲ್ಲಿ ಸಾಲು ಸಾಲು ಹಸಿ ಹಂಚು,
ಒಂದರ ಬೆನ್ನಿಗೊಂದು ಕಿವಿ.
ಇಂಥ ಸ್ಟುಡಿಯೋ ಬೊಂಬಾಯಿಯಲ್ಲೂ ಇಲ್ಲ ಅಂದೆ ನಾನು,
ಬೊಂಬಾಯಿ ನೋಡದವನು,
ಬಂದರಿನ ರೇಡಿಯೋ ರಿಪೇರಿಯವನು.
ಎರವಲು ತಂದ ಸ್ಪೂಲು ಯಂತ್ರ. ಎರಡೇ ಮೈಕು.

ಜತ್ತಪ್ಪನ ಡಬಲ್ ಬಾಸು ಇಗರ್ಜಿಯ ಮೂಲೆಯಲ್ಲಿ ಗೆದ್ದಲಿಗೆ ಬಿದ್ದದ್ದು,
ದೋಣಿ ಕಟ್ಟುವವನು ಬಿರುಕಿಗೆಲ್ಲ ರಾಳ ಮೆತ್ತಿ ಎಬ್ಬಿಸಿದ;
ತಂತಿ ಮೀಟಿದರೆ ಮೀನೆಣ್ಣೆ ಪರಿಮಳ.
ಡ್ರಮ್ಮಿಗೆ ಉಸ್ಮಾನಬ್ಬ, ದಫ್ಫು ಬಡಿದ ಬೆರಳು,
ಕೋಲು ಕೊಟ್ಟರೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ.
ಗಿಟಾರಿಗೆ ಸಿಟಿ ಬಸ್ಸಿನ ಕಂಡಕ್ಟರ್ ದೂಮಣ್ಣ:
ಐದೂವರೆಗೆ ಟ್ರಿಪ್ಪುಂಟು, ಬೇಗ ಮುಗಿಸುವ ಮಾರ್ರೆ.

ನಡುವೆ ಇವಳು, ಗೇರುಬೀಜದ ಫ್ಯಾಕ್ಟರಿಯ ಟೈಪಿಸ್ಟು.
ಮದುವೆಗೂ ಮಣ್ಣಿಗೂ ಬ್ಯಾಂಡು ಬಾರಿಸಿದ ಅಪ್ಪ
ಹೆಣ್ಣಿಗೆ ತುತ್ತೂರಿ ಬೇಡವೆಂದು ಕೈಗಿತ್ತ ಅಡ್ಡ ಕೊಳಲು.

ಬೆಂಗ್ರೆಗೆ ಹೋಗುವ ಕೊನೆಯ ದೋಣಿಯ ಮೇಲೊಂದು ಹಾಡು,
ಟಿಕೆಟ್ಟಿನ ಚಿಲ್ಲರೆಯ ಮೇಲೊಂದು,
ಮೂರನೆಯದಕ್ಕೆ ಹೆಸರಿಟ್ಟಿಲ್ಲ.
ಅವಳು ಊದಿದ್ದರಲ್ಲಿ ಅರ್ಧ ಸ್ವರವಾಯಿತು,
ಅರ್ಧ ತುಟಿಯಂಚಲ್ಲಿ ಚೆಲ್ಲಿ ಹಸಿ ಹಂಚಿಗೆ ತಾಗಿತು.
ಆ ಹಂಚುಗಳು ಮತ್ತೆ ಆವಿಗೆಯಲ್ಲಿ ಬೆಂದು, ಲಾರಿ ಹತ್ತಿ,
ಯಾವ ಶಾಲೆಯ ಮಾಡಾದವೋ, ಯಾರ ದನದ ಹಟ್ಟಿಯದೋ.

ಆರು ತಿಂಗಳ ಮೇಲೆ ಕಂಪನಿಯ ಪಾರ್ಸೆಲ್ಲು.
ರಟ್ಟಿನ ಮೇಲೆ: ಎ. ರೇಗೊ ಮತ್ತು ಸಂಗಡಿಗರು.
ಚಿತ್ರದಲ್ಲಿ ಮೀಸೆಯವನೊಬ್ಬ ಕಣ್ಣು ಮುಚ್ಚಿ ಊದುತ್ತಿದ್ದಾನೆ.
ಮೀಸೆ ಚಂದ ಉಂಟು ಎಂದು ನಕ್ಕಳು ಅಪೊಲಿನ್.
ಜೊತೆಗೊಂದು ಕಾಗದ: ಪ್ರತಿ ಹಾಡಿನ ತಲೆಗಿದ್ದ
ಅನಗತ್ಯ ಸದ್ದನ್ನು ಕತ್ತರಿಸಲಾಗಿದೆ.

ಮುಳ್ಳು ಇಳಿಸಿದೆ.
ನಾಲ್ಕು ಜನ ಒಟ್ಟಿಗೆ ಮಾಡಿನಿಂದ ಬಿದ್ದ ಹಾಗೆ ಶುರು.
ಅವಳು ನಗಲಿಲ್ಲ.
ಎರಡನೆಯ ಹಾಡು ಮುಗಿಯುವಾಗ ಕೇಳಿದಳು:
ಇದನ್ನು ಶುರು ಮಾಡಿದ್ದು ಯಾರು?

ಅಂಗಡಿಯ ಕಪಾಟಿನಲ್ಲಿ ನನ್ನ ಹತ್ತಿರ ಒಂದು ತುಂಡು ಟೇಪುಂಟು,
ಕೆಟ್ಟುಹೋದ ಮೊದಲ ಟೇಕು.
ಅವಳು ಉಸಿರೆಳೆಯುತ್ತಾಳೆ, ಎಳೆಯುತ್ತಾಳೆ,
ಕರೆಂಟು ಹೋಗುತ್ತದೆ.
ಅಷ್ಟೇ ಇರುವುದು ಅದರಲ್ಲಿ.

ಎಷ್ಟೋ ವರ್ಷ ನಾನು ಆ ಟೇಪು ತಿರುಗಿಸಿ
ಅದು ಮುಗಿಯುವ ಗಳಿಗೆಗೆ ಸರಿಯಾಗಿ
ತಟ್ಟೆಯ ಮೇಲೆ ಮುಳ್ಳು ಇಡಲು ನೋಡಿದ್ದೇನೆ.
ಒಮ್ಮೆ ತಡ, ಒಮ್ಮೆ ಮೊದಲೇ,
ಒಮ್ಮೆ ನಡುವೆ ಮೀನಿನ ಲಾರಿಯ ಹಾರ್ನು.

ಅಪೊಲಿನ್ ಇದ್ದಾಳೆ, ಕುಲಶೇಖರದಲ್ಲಿ.
ಹಲ್ಲು ಹೋದ ಮೇಲೆ ಕೊಳಲು ಮುಟ್ಟುವುದಿಲ್ಲ,
ಸಿಕ್ಕರೆ ಬೂತಾಯಿಯ ಕ್ರಯ ಮಾತಾಡುತ್ತಾಳೆ.
ಟೇಪಿನ ವಿಷಯ ಹೇಳಬೇಕೆಂದು ಹೋಗಿ
ಬೂತಾಯಿಯ ಕ್ರಯವೇ ಮಾತಾಡಿ ಬರುತ್ತೇನೆ.

ಈಗ ಸ್ಪೂಲು ತಿರುಗುವುದಿಲ್ಲ, ಬೆಲ್ಟು ಎಲ್ಲಿಯೂ ಸಿಗುವುದಿಲ್ಲ.
ಶಟರು ಅರ್ಧ ಎಳೆದು
ಮುಳ್ಳನ್ನು ತಟ್ಟೆಯ ಅಂಚಿನ ಮೇಲೆ ಹಿಡಿದು
ನಾನೇ ಉಸಿರು ಎಳೆಯುತ್ತೇನೆ.

ಬೀಡಿ ಸೇದಿದ ಎದೆ. ಅವಳಷ್ಟು ಉದ್ದ ಬರುವುದಿಲ್ಲ.
ಹಾಡು ಸ್ವಲ್ಪ ಬೇಗ ಶುರುವಾಗುತ್ತದೆ.